ಬೀಜದಿಂದ ಫ್ಯೂಷಿಯಾ: ಚಳಿ ತಾಳದ ಜಾತಿಗಳನ್ನು ಮನೆಯಲ್ಲಿ ಬೆಳೆಸುವ ವಿಧಾನ

ತೂಗುವ ಹೂಗಳಿಗಾಗಿ ಬೆಳೆಸುವ ಫ್ಯೂಷಿಯಾ ಗಿಡದ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಎದುರಾಗುತ್ತದೆ: ಬೀಜ ತಂದು ಬಿತ್ತಿದೆವು, ತಿಂಗಳು ಕಾದರೂ ಒಂದು ಸಸಿಯೂ ಏಳಲಿಲ್ಲ, ಎದ್ದ ನಾಲ್ಕಾರು ಸಸಿಗಳೂ ಬುಡ ಕೊಳೆತು ಮಲಗಿದವು, ತಪ್ಪಿದ್ದೆಲ್ಲಿ? ಮಡಿಕೇರಿ, ಚಿಕ್ಕಮಗಳೂರು ಕಡೆಯವರೂ, ಊಟಿ-ಕೂನೂರಿನಲ್ಲಿ ನೆಲೆಸಿರುವವರೂ, ಇಂಗ್ಲೆಂಡಿನಲ್ಲಿರುವ ಕನ್ನಡಿಗರೂ ಇದನ್ನೇ ಕೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಬೀಜ ಹಳೆಯದಾಗಿರುತ್ತದೆ, ಇಲ್ಲವೇ ಚೆಂಡುಹೂವಿನ ಬೀಜಕ್ಕೆ ಮಾಡುವಂತೆ ಅದರ ಮೇಲೆ ಮಣ್ಣು ಮುಚ್ಚಿರುತ್ತಾರೆ. ಉಳಿದ ಸೋಲುಗಳಿಗೆ ಬಹುತೇಕ ಸೆಕೆಯೇ ಕಾರಣ. ಈ ಮೂರನ್ನೂ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ವಿಧಾನಕ್ಕೆ ಹೋಗುವ ಮೊದಲು ಗಿಡದ ತವರನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಮುಂದೆ ಹೇಳುವ ಪ್ರತಿಯೊಂದು ಸೂಚನೆಗೂ ಅಲ್ಲಿಯೇ ಕಾರಣವಿದೆ. ಫ್ಯೂಷಿಯಾದಲ್ಲಿ ಸುಮಾರು 110 ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿಯೂ ಮಧ್ಯ ಅಮೆರಿಕದಲ್ಲಿಯೂ ಹುಟ್ಟಿದವು. ಕೆಲವೇ ಕೆಲವು ನ್ಯೂಜಿಲೆಂಡ್ ಮತ್ತು ತಾಹಿತಿ ದ್ವೀಪದವು. ಫ್ರಾನ್ಸಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲೂಮಿಯೇ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದಲ್ಲಿ ಈ ಗಿಡವನ್ನು ಕಂಡು, 16ನೇ ಶತಮಾನದ ಜರ್ಮನ್ ವೈದ್ಯ ಲಿಯೊನ್‌ಹಾರ್ಟ್ ಫುಕ್ಸ್ ಅವರ ನೆನಪಿಗೆ ಹೆಸರಿಟ್ಟು 1703ರಲ್ಲಿ ಪ್ರಕಟಿಸಿದರು. ಇವು ಮಂಜು ಕವಿದ, ನೆರಳಿನ, ಎಲೆಗೊಬ್ಬರ ತುಂಬಿದ ಬೆಟ್ಟದ ಕಾಡಿನ ಗಿಡಗಳು. ಬೇರು ತಂಪಾಗಿರಬೇಕು, ಗಾಳಿಯಲ್ಲಿ ತೇವವಿರಬೇಕು, ನೀರು ನಿಲ್ಲಬಾರದು.

ಚಳಿ ತಾಳದ ಜಾತಿ ಎಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಸಾಯುವ ಜಾತಿ. ಅದನ್ನೇ ಬಿಸಿಲು ತಾಳುವ ಗಿಡವೆಂದು ತಿಳಿಯುವುದು ದೊಡ್ಡ ತಪ್ಪು. ಫ್ಯೂಷಿಯಾ ಬೊಲಿವಿಯಾನಾ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯನ್ನು ಸಹಿಸುವುದಿಲ್ಲ. ಹಾಗೆಯೇ 30 ಡಿಗ್ರಿ ದಾಟಿದ ಬಿಸಿಯನ್ನೂ ಸಹಿಸುವುದಿಲ್ಲ. ಆದ್ದರಿಂದ ಮಡಿಕೇರಿ, ಕೆಮ್ಮಣ್ಣುಗುಂಡಿ, ನೀಲಗಿರಿಯಂಥ ಜಾಗಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಬೆಂಗಳೂರು, ಮೈಸೂರಿನಲ್ಲಿ ಬೇಸಿಗೆಯ ಮೂರು ತಿಂಗಳು ವಿಶೇಷ ಕಾಳಜಿ ವಹಿಸಿದರೆ ಮಾತ್ರ ಸಾಧ್ಯ. ಕರಾವಳಿಯ ಮತ್ತು ಉತ್ತರ ಕರ್ನಾಟಕದ ಬಯಲಿನ ಓದುಗರಿಗೆ ಈ ಗಿಡವನ್ನು ನಾನು ಸೂಚಿಸುವುದಿಲ್ಲ. ಅಲ್ಲಿ ಗಿಡವೂ ಬಳಲುತ್ತದೆ, ಬೆಳೆಸುವವರೂ ಬಳಲುತ್ತಾರೆ.

ಹಂತ 1: ಯಾವ ಬೀಜ ಎಂಬುದನ್ನು ಮೊದಲು ನಿರ್ಧರಿಸಿ

ಕಾಡಿನಲ್ಲಿ ಸಹಜವಾಗಿ ಬೆಳೆಯುವ ಶುದ್ಧ ಜಾತಿಯ ಬೀಜ ಬಿತ್ತಿದರೆ ತಾಯಿಯನ್ನೇ ಹೋಲುವ ಗಿಡ ಬರುತ್ತದೆ, ಹತ್ತಿರದಲ್ಲಿ ಬೇರೆ ಜಾತಿಯ ಪರಾಗ ಸೇರಿರದಿದ್ದರೆ. ನರ್ಸರಿಗಳಲ್ಲಿ ತೂಗುಬುಟ್ಟಿಯಲ್ಲಿ ಮಾರುವ ದೊಡ್ಡ ಹೂವಿನ, ಒತ್ತು ದಳದ ಗಿಡಗಳು ಮಾತ್ರ ಹಲವು ಜಾತಿಗಳನ್ನು ಬೆರೆಸಿ ಪಡೆದ ಮಿಶ್ರತಳಿಗಳು. ಅವುಗಳ ಬೀಜದಿಂದ ಬರುವ ಪ್ರತಿಯೊಂದು ಸಸಿಯೂ ಬೇರೆ ಬೇರೆ ಗುಣದ್ದಾಗಿರುತ್ತದೆ, ತಾಯಿಯಂಥ ಹೂವು ಸಿಗುವುದು ಅಪರೂಪ. ನಿಮಗೆ ಬೇಕಾಗಿರುವುದು ಒಂದು ನಿರ್ದಿಷ್ಟ ಹೂವೇ ಆಗಿದ್ದರೆ ಬೀಜದ ಗೊಡವೆ ಬೇಡ, ಆ ಗಿಡದ ಕಟಿಂಗ್ ತಂದು ಬೇರು ಬರಿಸಿ.

ಬೀಜದಿಂದ ಮೊದಲ ಬಾರಿ ಬೆಳೆಸುವವರಿಗೆ ಫ್ಯೂಷಿಯಾ ಬೊಲಿವಿಯಾನಾ ಉತ್ತಮ ಆಯ್ಕೆ. ಪೆರು, ಬೊಲಿವಿಯಾ, ಉತ್ತರ ಅರ್ಜೆಂಟೀನಾದ ಬೆಟ್ಟಗಳ ಈ ಪೊದೆ ಎರಡರಿಂದ ನಾಲ್ಕು ಮೀಟರ್ ಎತ್ತರಕ್ಕೆ ಏಳುತ್ತದೆ. ಕೊಂಬೆಯ ತುದಿಯಲ್ಲಿ ಉದ್ದ ನಳಿಕೆಯ ಕೆಂಪು ಹೂಗಳ ಗೊಂಚಲು ಜುಮುಕಿಯಂತೆ ತೂಗುತ್ತದೆ. ತನ್ನದೇ ಪರಾಗದಿಂದ ಧಾರಾಳವಾಗಿ ಹಣ್ಣು ಕಟ್ಟುತ್ತದೆ, ಬೀಜವೂ ಚೆನ್ನಾಗಿ ಮೊಳೆಯುತ್ತದೆ. ಮೆಕ್ಸಿಕೋ ಮೂಲದ ಫ್ಯೂಷಿಯಾ ಪ್ಯಾನಿಕ್ಯುಲೇಟಾ ಕೂಡ ಸುಲಭವಾದದ್ದು. ತುಸು ಹೆಚ್ಚು ಬಿಸಿ ತಾಳುವ ಜಾತಿ ಬೇಕೆಂದರೆ ಪ್ಲೂಮಿಯೇ ಕಂಡ ಫ್ಯೂಷಿಯಾ ಟ್ರಿಫಿಲ್ಲಾ ಇದೆ. ಬೆಂಗಳೂರಿನವರು ಅದರಿಂದ ಆರಂಭಿಸುವುದು ಒಳ್ಳೆಯದು.

ಆನ್‌ಲೈನ್‌ನಲ್ಲಿ ಬೀಜ ಕೊಳ್ಳುವವರು ಎರಡು ವಿಷಯ ಗಮನಿಸಬೇಕು. ಫ್ಯೂಷಿಯಾ ಎಂಬುದು ಒಂದು ಗುಲಾಬಿ-ನೇರಳೆ ಬಣ್ಣದ ಹೆಸರೂ ಆಗಿರುವುದರಿಂದ ಆ ಬಣ್ಣದ ಪೆಟೂನಿಯಾ ಬೀಜವನ್ನೂ ಅದೇ ಹೆಸರಿನಲ್ಲಿ ಮಾರುವುದುಂಟು; ಪೊಟ್ಟಣದ ಮೇಲೆ ಸಸ್ಯಶಾಸ್ತ್ರೀಯ ಹೆಸರು ಇಲ್ಲದಿದ್ದರೆ ಕೊಳ್ಳಬೇಡಿ. ಕಡುನೀಲಿ, ಕಾಮನಬಿಲ್ಲಿನ ಬಣ್ಣದ ಹೂವಿನ ಚಿತ್ರ ಹಾಕಿ ಮಾರುವ ಬೀಜಗಳನ್ನಂತೂ ನಂಬಲೇಬೇಡಿ, ಅವು ಬಣ್ಣ ತಿದ್ದಿದ ಚಿತ್ರಗಳು. ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಬೀಜ ತರಿಸುವ ಯೋಚನೆ ಇದ್ದರೆ, 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಭಾರತಕ್ಕೆ ಬರುವ ಬೀಜಕ್ಕೆ ಆಮದು ಪರವಾನಗಿಯೂ ರೋಗಮುಕ್ತವೆಂಬ ಪ್ರಮಾಣಪತ್ರವೂ ಬೇಕಾಗುತ್ತವೆ ಎಂಬುದನ್ನು ತಿಳಿದಿರಿ. ಇಲ್ಲಿಯೇ ಯಾರ ತೋಟದಲ್ಲಾದರೂ ಹಣ್ಣು ಬಿಟ್ಟಿದ್ದರೆ ಕೇಳಿ ಪಡೆಯುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ತಾಜಾ ಬೀಜಕ್ಕೆ ಸಮನಾದದ್ದು ಬೇರೆ ಇಲ್ಲ.

ಹಂತ 2: ಹಣ್ಣು ಕೊಯ್ದು ಬೀಜ ತೆಗೆಯುವುದು

ಹೂ ಬಾಡಿದ ಮೇಲೆ ಅದರ ತೊಟ್ಟಿನ ಕಡೆಗಿರುವ ಹಸಿರು ಅಂಡಾಶಯ ಉಬ್ಬಿ ಹಣ್ಣಾಗುತ್ತದೆ. ಹೂವಿನ ಸೊಬಗಿಗಾಗಿ ಬಾಡಿದ ಹೂಗಳನ್ನು ಚಿವುಟಿ ಹಾಕುವ ಅಭ್ಯಾಸವಿರುವವರು ಬೀಜಕ್ಕೆಂದು ಕೆಲವನ್ನಾದರೂ ಬಿಡಬೇಕು. ಹಣ್ಣು ಹಸಿರಿನಿಂದ ಕೆಂಪಿಗೆ, ಮುಂದೆ ಕಪ್ಪು ನೇರಳೆಗೆ ತಿರುಗಿ, ಬೆರಳಿಗೆ ಮೆತ್ತಗೆ ಸಿಕ್ಕಿ, ಮುಟ್ಟಿದರೆ ಕೈಗೆ ಬರುವಂತಾದಾಗ ಮಾತ್ರ ಕೊಯ್ಯಿರಿ. ಅವಸರದಲ್ಲಿ ಕೊಯ್ದ ಗಟ್ಟಿ ಹಣ್ಣಿನ ಬೀಜ ಬಲಿತಿರುವುದಿಲ್ಲ.

ಹರಿತವಾದ ಬ್ಲೇಡಿನಿಂದ ಹಣ್ಣನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ನಾಲ್ಕು ಕೋಣೆಗಳು ಸ್ಪಷ್ಟವಾಗಿ ಕಾಣುತ್ತವೆ. ಮಧ್ಯದ ತಿರುಳಿಗೆ ಅಂಟಿಕೊಂಡು ಕಂದು ಬಣ್ಣದ, ಎಳ್ಳಿಗಿಂತ ಚಿಕ್ಕ, ಒಂದು ಕಡೆ ಚೂಪಾದ ಬೀಜಗಳು ಸಾಲಾಗಿ ಕುಳಿತಿರುತ್ತವೆ. ಅವುಗಳ ನಡುವೆ ತೆಳ್ಳಗೆ, ಬಿಳಿಚಿಕೊಂಡಿರುವುದೆಲ್ಲ ಜೊಳ್ಳು. ಮಿಶ್ರತಳಿಗಳ ಹಣ್ಣಿನಲ್ಲಿ ಜೊಳ್ಳೇ ಹೆಚ್ಚು, ಕೆಲವೊಮ್ಮೆ ಇಡೀ ಹಣ್ಣಿನಲ್ಲಿ ಒಂದೂ ಗಟ್ಟಿ ಬೀಜ ಇರುವುದಿಲ್ಲ. ಹಣ್ಣನ್ನು ಒಂದು ಬಟ್ಟಲು ನೀರಿನಲ್ಲಿ ಕಿವುಚಿ ಐದು ನಿಮಿಷ ಬಿಟ್ಟರೆ ತಿರುಳು ಮತ್ತು ಜೊಳ್ಳು ಬಹುಮಟ್ಟಿಗೆ ತೇಲುತ್ತವೆ, ಗಟ್ಟಿ ಬೀಜ ತಳ ಸೇರುತ್ತದೆ. ಎರಡು ಮೂರು ಬಾರಿ ನೀರು ಬದಲಿಸಿ ತಿರುಳು ಪೂರ್ತಿ ಹೋಗುವಂತೆ ತೊಳೆಯಿರಿ, ಏಕೆಂದರೆ ಬೀಜಕ್ಕೆ ಅಂಟಿ ಉಳಿದ ಸಿಹಿ ತಿರುಳಿನಿಂದಲೇ ಬೂಸ್ಟು ಆರಂಭವಾಗುತ್ತದೆ. ಬಳಿಕ ಬೀಜಗಳನ್ನು ಬಿಳಿ ಕಾಗದದ ಮೇಲೆ ಹರಡಿ, ನೆರಳಿನಲ್ಲಿ ಒಂದು ದಿನ ಆರಿಸಿ.

ತೆಗೆದ ಬೀಜವನ್ನು ಕೂಡಲೇ ಬಿತ್ತುವುದು ಉತ್ತಮ. ಕಾಯಲೇಬೇಕಾದರೆ ಕಾಗದದ ಲಕೋಟೆಯಲ್ಲಿಟ್ಟು, ಗಾಳಿಯಾಡದ ಡಬ್ಬಿಗೆ ಹಾಕಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರಿನಲ್ಲಿ ಇಡಬಾರದು. ಜಾತಿಯ ಹೆಸರು ಮತ್ತು ದಿನಾಂಕವನ್ನು ಲಕೋಟೆಯ ಮೇಲೆ ಆಗಲೇ ಬರೆಯಿರಿ.

ಮಿಶ್ರತಳಿಗಳನ್ನು ತಾವೇ ಸಂಕರಿಸಲು ಬಯಸುವವರಿಗೆ ಇಷ್ಟು ಸಾಕು: ನಾಳೆ ಅರಳುವಂತಿರುವ ಮೊಗ್ಗನ್ನು ಮೆಲ್ಲನೆ ಬಿಡಿಸಿ ಎಂಟು ಕೇಸರಗಳನ್ನೂ ಕತ್ತರಿಸಿ ತೆಗೆಯಿರಿ. ಶಲಾಕಾಗ್ರ, ಅಂದರೆ ಹೂವಿನ ನಡುವೆ ಉದ್ದಕ್ಕೆ ಚಾಚಿರುವ ಕಡ್ಡಿಯ ತುದಿ, ಅಂಟಂಟಾದಾಗ ಆಯ್ದ ಇನ್ನೊಂದು ಗಿಡದ ಕೇಸರವನ್ನು ಅದಕ್ಕೆ ಸವರಿ. ತೆಳುಬಟ್ಟೆಯ ಚೀಲ ಕಟ್ಟಿ, ತಂದೆ-ತಾಯಿ ಗಿಡಗಳ ಹೆಸರಿನ ಚೀಟಿ ತೂಗಿಸಿ. ಪರಾಗ ಇಲ್ಲಿ ಪುಡಿಯಾಗಿ ಉದುರುವುದಿಲ್ಲ, ಸಣ್ಣ ಎಳೆಗಳಲ್ಲಿ ಹೆಣೆದುಕೊಂಡು ಅಂಟಿಕೊಂಡೇ ಬರುತ್ತದೆ. ಹಾಗಾಗಿ ಬ್ರಷ್ಷಿಗಿಂತ ಕೇಸರವನ್ನೇ ಚಿಮುಟದಲ್ಲಿ ಹಿಡಿದು ಸವರುವುದು ಅನುಕೂಲ.

ಹಂತ 3: ಕಾಲ ಮತ್ತು ಮಿಶ್ರಣ

ಮಲೆನಾಡು ಮತ್ತು ಕೊಡಗಿನಲ್ಲಿ ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಿ. ಮುಂಗಾರಿನ ನಡುವೆ ಬಿತ್ತಿದರೆ ತೇವ ಆರದೆ ಸಸಿಗಳು ಕೊಳೆಯುತ್ತವೆ. ಬೆಂಗಳೂರು, ಮೈಸೂರಿನವರಿಗೂ ಅಕ್ಟೋಬರ್ ತಿಂಗಳೇ ಸೂಕ್ತ, ಮಾರ್ಚ್ ಬಿಸಿಲು ಬರುವಷ್ಟರಲ್ಲಿ ಗಿಡಗಳು ತಕ್ಕಮಟ್ಟಿಗೆ ಬೇರೂರಿರುತ್ತವೆ. ಊಟಿಯಲ್ಲಿ ಡಿಸೆಂಬರ್-ಜನವರಿಯ ಹಿಮದ ರಾತ್ರಿಗಳು ಮುಗಿದ ಮೇಲೆ, ಫೆಬ್ರವರಿ ಕೊನೆಗೆ ಆರಂಭಿಸಿ. ಇಂಗ್ಲೆಂಡಿನಲ್ಲಿರುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮನೆಯೊಳಗೆ, ಬೆಚ್ಚಗಿನ ಕಿಟಕಿಯ ಬಳಿ ಬಿತ್ತಬಹುದು.

ಬಿತ್ತನೆ ಮಿಶ್ರಣಕ್ಕೆ ತೋಟದ ಮಣ್ಣು, ಸಗಣಿ ಗೊಬ್ಬರ ಎರಡೂ ಬೇಡ. ಎರಡು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮತ್ತು ಒಂದು ಪಾಲು ಪರ್ಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಖನಿಜದ ಹರಳು, ಇಷ್ಟು ಸಾಕು. ಕೊಕೊಪೀಟನ್ನು ಮೂರು ಬಾರಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆಯುವುದನ್ನು ಮರೆಯಬೇಡಿ. ಅಗ್ಗದ ಇಟ್ಟಿಗೆಗಳಲ್ಲಿ ಉಪ್ಪು ಬಹಳವಿರುತ್ತದೆ, ಎಳೆಬೇರು ಅದರಲ್ಲಿ ಸುಟ್ಟುಹೋಗುತ್ತದೆ. ಬಳಿಕ ಮಿಶ್ರಣದ ಮೇಲೆ ಕುದಿಯುವ ನೀರು ಸುರಿದು, ಮುಚ್ಚಿಟ್ಟು, ಪೂರ್ತಿ ತಣಿದ ಮೇಲೆ ಬಳಸಿ.

ಹಂತ 4: ಬಿತ್ತನೆ

ಬೇಕರಿಯಲ್ಲಿ ಕೊಡುವ, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ಸರಿಯಾಗುತ್ತದೆ. ತಳದಲ್ಲಿ ಏಳೆಂಟು ತೂತು ಮಾಡಿ, 5 ಸೆಂಟಿಮೀಟರ್ ಮಿಶ್ರಣ ತುಂಬಿ, ಅಂಗೈಯಿಂದ ಹಗುರವಾಗಿ ಸಮ ಮಾಡಿ. ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲ್ಮೈ ತೇವಗೊಂಡು ಬಣ್ಣ ಗಾಢವಾಗುವವರೆಗೆ ಕೆಳಗಿನಿಂದಲೇ ನೀರು ಕುಡಿಯಲು ಬಿಡಿ.

ಒಣ ಮರಳಿನಲ್ಲಿ ಬೀಜ ಬೆರೆಸಿ ತೆಳುವಾಗಿ ಉದುರಿಸಿ, ಅಥವಾ ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಯಿಂದ ಒಂದೊಂದಾಗಿ ಎತ್ತಿ ಎರಡು ಸೆಂಟಿಮೀಟರ್ ಅಂತರದಲ್ಲಿ ಇಡಿ. ಬೀಜ ಮಿಶ್ರಣಕ್ಕೆ ತಾಗುವಂತೆ ಚಪ್ಪಟೆಯಾದ ಮರದ ತುಂಡಿನಿಂದ ಒತ್ತಿ, ಅಷ್ಟೇ. ಮೇಲೆ ಮಣ್ಣು ಮುಚ್ಚಬಾರದು, ಏಕೆಂದರೆ ಫ್ಯೂಷಿಯಾ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಒಂದು ಸೆಂಟಿಮೀಟರ್ ಆಳಕ್ಕೆ ಹೋದ ಇಷ್ಟು ಸಣ್ಣ ಬೀಜಕ್ಕೆ ಮೇಲೇಳುವ ಶಕ್ತಿಯೂ ಇರುವುದಿಲ್ಲ. ಮುಚ್ಚಳ ಹಾಕಿ, ಹೆಸರು-ದಿನಾಂಕದ ಚೀಟಿ ಅಂಟಿಸಿ.

ಹಂತ 5: ಮೊಳಕೆಗೆ ಕಾಯುವುದು

ಡಬ್ಬಿಯನ್ನು 18ರಿಂದ 22 ಡಿಗ್ರಿ ಇರುವ, ಚೆನ್ನಾಗಿ ಬೆಳಕು ಬರುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಮುಚ್ಚಿದ ಡಬ್ಬಿಗೆ ಅರ್ಧ ಗಂಟೆಯ ನೇರ ಬಿಸಿಲೂ ಮಾರಕ. ಒಳಗೆ ಬೇಯುವಷ್ಟು ಬಿಸಿಯಾಗುತ್ತದೆ. ನೀರು ಬೇಕೆನಿಸಿದಾಗ ಮತ್ತೆ ಕೆಳಗಿನಿಂದಲೇ ಕೊಡಿ. ಮೇಲಿನಿಂದ ಸುರಿದರೆ ಬೀಜಗಳೆಲ್ಲ ಮೂಲೆಗೆ ಹರಿದುಹೋಗುತ್ತವೆ.

ಮೊದಲ ಮೊಳಕೆ ಎರಡು ವಾರಕ್ಕೆ ಕಾಣಬಹುದು, ಆರು ವಾರವೂ ಆಗಬಹುದು. ಎಲ್ಲ ಬೀಜಗಳೂ ಒಟ್ಟಿಗೆ ಏಳುವುದಿಲ್ಲ ಎಂಬುದು ಫ್ಯೂಷಿಯಾದ ಸ್ವಭಾವ. ಒಂದೇ ಹಣ್ಣಿನ ಬೀಜಗಳಲ್ಲಿ ಕೆಲವು ಸಸಿಯಾಗಿ ನಾಲ್ಕೆಲೆ ಬಿಟ್ಟಿರುವಾಗ ಉಳಿದವು ಆಗಷ್ಟೇ ಬಿರಿಯುತ್ತಿರುತ್ತವೆ. ಮೂರನೆಯ ವಾರಕ್ಕೆ ಏನೂ ಕಾಣಲಿಲ್ಲವೆಂದು ಡಬ್ಬಿಯನ್ನು ಎಸೆದುಬಿಡುವುದು ಅತ್ಯಂತ ಸಾಮಾನ್ಯವಾದ ತಪ್ಪು. ಕನಿಷ್ಠ ಮೂರು ತಿಂಗಳು ತೇವವಾಗಿಯೇ ಇಟ್ಟಿರಿ. ಹಾಗೆಯೇ, ಮೊದಲು ಎದ್ದ ಬಲವಾದ ಸಸಿಗಳನ್ನಷ್ಟೇ ಉಳಿಸಿ ತಡವಾದವನ್ನು ಕಿತ್ತುಹಾಕಬೇಡಿ. ಮಿಶ್ರತಳಿಗಳಲ್ಲಿ ಹಿಂದೆ ಬಿದ್ದ ಸಸಿಯೇ ಚೆಂದದ ಹೂ ಕೊಡುವುದು ಅಸಹಜವೇನಲ್ಲ.

ಮೇಲ್ಮೈಯಲ್ಲಿ ಹಸಿರು ಪಾಚಿ ಕಂಡರೆ ತೇವ ಹೆಚ್ಚಾಗಿದೆ ಎಂದರ್ಥ, ದಿನಕ್ಕೆ ಒಂದು ಗಂಟೆ ಮುಚ್ಚಳ ತೆರೆದಿಡಿ.

ಹಂತ 6: ಎಳೆ ಸಸಿಗಳ ಆರೈಕೆ

ಮೊದಲು ಕಾಣುವ ದುಂಡನೆಯ ಎರಡು ಎಲೆಗಳು ಬೀಜದಳಗಳು. ಇವು ಬಿರಿದ ದಿನದಿಂದ ಮುಚ್ಚಳವನ್ನು ಹಂತಹಂತವಾಗಿ ಓರೆ ಮಾಡುತ್ತಾ, ಹತ್ತು ದಿನಗಳಲ್ಲಿ ಪೂರ್ತಿ ತೆಗೆಯಬೇಕು. ಒಮ್ಮೆಗೇ ತೆಗೆದರೆ ಬಾಡುತ್ತವೆ, ಮುಚ್ಚಿಯೇ ಇಟ್ಟರೆ ಬುಡಕೊಳೆ ರೋಗ ತಗಲುತ್ತದೆ. ಈ ರೋಗವನ್ನು ಗುರುತಿಸುವುದು ಸುಲಭ: ಸಸಿಯ ಕಾಂಡ ಮಣ್ಣಿನ ಮಟ್ಟದಲ್ಲಿ ನೂಲಿನಷ್ಟು ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿ, ಎಲೆ ಹಸಿರಾಗಿರುವಾಗಲೇ ಒರಗುತ್ತದೆ. ಒರಗಿದ ಸಸಿ ಬದುಕುವುದಿಲ್ಲ. ಅದನ್ನು ಸುತ್ತಲಿನ ಮಿಶ್ರಣದ ಸಮೇತ ಚಮಚದಿಂದ ಎತ್ತಿ ಹೊರಹಾಕಿ, ಮುಚ್ಚಳ ತೆಗೆದು ಗಾಳಿಯಾಡಿಸಿ, ಎರಡು ದಿನ ನೀರು ನಿಲ್ಲಿಸಿ.

ಬೀಜದಳಗಳ ನಂತರ ಎರಡು ಜೊತೆ ನಿಜವಾದ ಎಲೆಗಳು ಬಂದಾಗ ಸಸಿಗಳನ್ನು ಬೇರೆ ಬೇರೆ ಕುಂಡಗಳಿಗೆ ಬದಲಿಸಿ. ಎಲೆಯನ್ನು ಹಿಡಿದು ಎತ್ತಬೇಕೇ ಹೊರತು ಕಾಂಡವನ್ನು ಮುಟ್ಟಬಾರದು. ಹರಿದ ಎಲೆಯ ಬದಲಿಗೆ ಇನ್ನೊಂದು ಎಲೆ ಬರುತ್ತದೆ, ನಜ್ಜಾದ ಕಾಂಡಕ್ಕೆ ಬದಲಿಲ್ಲ. ಐದಾರು ಸೆಂಟಿಮೀಟರ್ ಅಗಲದ ಚಿಕ್ಕ ಕುಂಡ ಸಾಕು. ಈಗ ಮಿಶ್ರಣಕ್ಕೆ ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಸೇರಿಸಬಹುದು. ಮೂರು ವಾರಗಳ ನಂತರ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ರಸಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಂತೆ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಕೊಡಿ.

ಹಂತ 7: ಕುಂಡ ಬದಲಿಸುವುದು ಮತ್ತು ನೀರು

ಚಿಕ್ಕ ಸಸಿಯನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕಬೇಡಿ. ಬೇರು ತಲುಪದ ಮಣ್ಣು ನೀರು ಹಿಡಿದುಕೊಂಡು ಹುಳಿಯಾಗುತ್ತದೆ. ಬೇರು ಕುಂಡದ ಗೋಡೆ ಮುಟ್ಟಿದಾಗ ಒಂದು ಅಳತೆ ದೊಡ್ಡದಾದ ಕುಂಡಕ್ಕೆ, ಮತ್ತೆ ಅದು ತುಂಬಿದಾಗ ಇನ್ನೊಂದಕ್ಕೆ ಸಾಗಿಸಿ. ಮಣ್ಣಿನ ಕುಂಡವೇ ಲೇಸು, ಅದರ ಗೋಡೆಯಿಂದ ನೀರು ಆವಿಯಾಗುವಾಗ ಬೇರು ತಂಪಾಗಿರುತ್ತದೆ.

ಬೆಳೆದ ಗಿಡಗಳು ಸಾಯುವುದಕ್ಕೆ ಮುಖ್ಯ ಕಾರಣವೊಂದನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ಬಿಸಿ ಹೆಚ್ಚಾದ ಮಧ್ಯಾಹ್ನ ಫ್ಯೂಷಿಯಾ ಎಲೆಗಳು ಜೋತುಬೀಳುತ್ತವೆ. ನೋಡಿದವರು ನೀರು ಸಾಲದೆಂದು ಭಾವಿಸಿ ಮತ್ತೆ ನೀರು ಹಾಕುತ್ತಾರೆ. ನಿಜವಾಗಿ ಮಣ್ಣಿನಲ್ಲಿ ನೀರಿರುತ್ತದೆ, ಎಲೆ ಕಳೆದುಕೊಳ್ಳುವಷ್ಟು ವೇಗದಲ್ಲಿ ಬೇರು ಅದನ್ನು ಏರಿಸಲಾರದು, ಅಷ್ಟೆ. ಬಿಸಿಯಾದ, ಒದ್ದೆಯಾದ ಮಣ್ಣಿಗೆ ಮತ್ತಷ್ಟು ನೀರು ಸೇರಿದಾಗ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಬೇರು ಕೊಳೆತಂತೆ ಎಲೆ ಇನ್ನಷ್ಟು ಜೋಲುತ್ತದೆ. ಅದನ್ನು ಕಂಡು ಇನ್ನಷ್ಟು ನೀರು. ಆದ್ದರಿಂದ ಎಲೆ ಜೋತಾಗ ಮೊದಲು ಬೆರಳನ್ನು ಒಂದು ಗಿಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ. ತೇವವಿದ್ದರೆ ನೀರು ಬೇಡ. ಕುಂಡವನ್ನು ನೆರಳಿಗೆ ಸರಿಸಿ, ಎಲೆಗಳ ಮೇಲೆ ನೀರು ಸಿಂಪಡಿಸಿ, ಸುತ್ತಲಿನ ನೆಲವನ್ನು ಒದ್ದೆ ಮಾಡಿ. ಸಂಜೆಗೆ ಎಲೆ ತಾನಾಗಿಯೇ ನಿಮಿರುತ್ತದೆ. ಸಂಜೆಯಾದರೂ ನಿಮಿರದಿದ್ದರೆ ಮಾತ್ರ ಬೇರಿನ ತೊಂದರೆಯನ್ನು ಶಂಕಿಸಿ.

ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇ ವರೆಗೆ ಗಿಡವನ್ನು ಪೂರ್ವದಿಕ್ಕಿನ ಬಾಲ್ಕನಿಯಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವಂತೆ ಇಡಿ. ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗಿಟ್ಟು ನಡುವಿನ ಜಾಗಕ್ಕೆ ಒದ್ದೆ ಮರಳು ತುಂಬುವುದು ಬಹಳ ಉಪಕಾರಿ. ಆ ಮೂರು ತಿಂಗಳು ಗೊಬ್ಬರ ಕೊಡಬೇಡಿ, ಹೂವನ್ನೂ ನಿರೀಕ್ಷಿಸಬೇಡಿ. ಗಿಡ ಬದುಕಿ ಉಳಿದರೆ ಸಾಕು. ಮಲೆನಾಡಿನವರು ಮಳೆಗಾಲದಲ್ಲಿ ಸೂರಿನ ಕೆಳಗೆ, ಗಾಳಿಯಾಡುವಲ್ಲಿ ಇಡಬೇಕು.

ಹಂತ 8: ತುದಿ ಚಿವುಟುವುದೇ, ಬೇಡವೇ

ಪೊದೆ ತುಂಬಿಕೊಳ್ಳಲೆಂದು ಮೂರು ಜೊತೆ ಎಲೆಗಳಾದಾಗ ತುದಿ ಚಿವುಟುವುದು ಕಟಿಂಗ್‌ನಿಂದ ಬೆಳೆದ ಮಿಶ್ರತಳಿಗಳಿಗೆ ಸರಿ. ಬೀಜದಿಂದ ಬಂದ ಮಿಶ್ರತಳಿ ಸಸಿಯ ಹೂವನ್ನು ನಾವು ಇನ್ನೂ ನೋಡಿಯೇ ಇರುವುದಿಲ್ಲ; ಪ್ರತಿ ಬಾರಿ ಚಿವುಟಿದಾಗಲೂ ಹೂ ವಾರಗಟ್ಟಲೆ ಮುಂದೆ ಹೋಗುತ್ತದೆ. ಮೊದಲ ಹೂ ನೋಡುವವರೆಗೆ ಚಿವುಟದಿರುವುದೇ ವಾಸಿ. ಬೊಲಿವಿಯಾನಾ ಕೊಂಬೆಯ ತುದಿಯಲ್ಲೇ ಗೊಂಚಲು ಬಿಡುವ ಜಾತಿಯಾದ್ದರಿಂದ ಅದನ್ನಂತೂ ಚಿವುಟಲೇಬಾರದು. ಕೆಲವು ಸಸಿಗಳಲ್ಲಿ ಗಿಣ್ಣಿಗೆ ಎರಡರ ಬದಲು ಮೂರು ಎಲೆ ಬರುವುದನ್ನು ಕಾಣುತ್ತೀರಿ. ಅಂಥವನ್ನು ಜೋಪಾನ ಮಾಡಿ. ಮೂರು ಎಲೆಯ ಬುಡದಿಂದ ಮೂರು ಕವಲು ಒಡೆಯುವುದರಿಂದ ಗಿಡ ತಾನಾಗಿ ದಟ್ಟವಾಗುತ್ತದೆ.

ಹಂತ 9: ಕೀಟ ಮತ್ತು ರೋಗ

ಬಿಳಿನೊಣ ಮತ್ತು ಕೆಂಪು ನುಸಿ ಸಾಮಾನ್ಯ ಶತ್ರುಗಳು. ನುಸಿ ಒಣ ಗಾಳಿಯಲ್ಲಿ ಹೆಚ್ಚುತ್ತದೆ. ಎಲೆಯ ಕೆಳಭಾಗಕ್ಕೆ ದಿನವೂ ನೀರು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಬಿಳಿನೊಣಕ್ಕೆ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ, ಸಂಜೆಯ ಹೊತ್ತು, ಮೊದಲು ಒಂದೆರಡು ಎಲೆಗಳ ಮೇಲೆ ಪರೀಕ್ಷಿಸಿ ಹಾಕಿ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ, ಆ ಎಲೆಗಳನ್ನು ಕಿತ್ತು ಸುಡಿ.

ಇಂಗ್ಲೆಂಡ್ ಮತ್ತು ಕ್ಯಾಲಿಫೋರ್ನಿಯಾದ ಓದುಗರು ಫ್ಯೂಷಿಯಾ ಗಂಟುನುಸಿಯ ಬಗ್ಗೆ ಎಚ್ಚರವಾಗಿರಬೇಕು. ಬ್ರೆಜಿಲ್ ಮೂಲದ ಈ ನುಸಿ ಕಣ್ಣಿಗೆ ಕಾಣದಷ್ಟು ಸಣ್ಣದು. ಇದು 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾಕ್ಕೂ 2007ರಲ್ಲಿ ಇಂಗ್ಲೆಂಡಿಗೂ ತಲುಪಿ, ಚಿಗುರುಗಳನ್ನು ಕೆಂಪು ಗಂಟುಗಳಾಗಿ ತಿರುಚಿ ಅನೇಕ ತೋಟಗಳನ್ನು ಹಾಳುಮಾಡಿದೆ. ಜೀವಂತ ಚಿಗುರಿನಲ್ಲಿ ಬದುಕುವ ಈ ನುಸಿ ಹರಡುವುದು ಮುಖ್ಯವಾಗಿ ಗಿಡ ಮತ್ತು ಕಟಿಂಗ್‌ಗಳ ಮೂಲಕ. ಈ ದೃಷ್ಟಿಯಿಂದ ತೊಳೆದು ಒಣಗಿಸಿದ ಬೀಜದಿಂದ ಬೆಳೆಸುವುದೇ ಕ್ಷೇಮ.

ಹಂತ 10: ಹೂ ಬಂದ ಮೇಲೆ

ಮಿಶ್ರತಳಿಗಳು ಮತ್ತು ಟ್ರಿಫಿಲ್ಲಾ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೂ ಬಿಡುತ್ತವೆ, ಬೊಲಿವಿಯಾನಾಕ್ಕೆ ಎರಡನೆಯ ವರ್ಷದವರೆಗೆ ಕಾಯಬೇಕು. ಮೊದಲ ಹೂ ಸಪ್ಪೆಯಾಗಿ ಕಂಡರೂ ಗಿಡವನ್ನು ಕಿತ್ತೆಸೆಯಬೇಡಿ. ಬೇರು ಬಲಿತ ಮೇಲೆ, ಎರಡನೆಯ ಹಂಗಾಮಿನಲ್ಲಿ ಹೂವಿನ ಗಾತ್ರವೂ ಬಣ್ಣವೂ ಸುಧಾರಿಸುತ್ತವೆ.

ಮೆಚ್ಚುಗೆಯಾದ ಮಿಶ್ರತಳಿ ಗಿಡ ಜಗತ್ತಿನಲ್ಲಿ ನಿಮ್ಮಲ್ಲಿ ಮಾತ್ರ ಇರುವಂಥದ್ದು, ಅದರ ಬೀಜದಿಂದ ಅದೇ ಗಿಡ ಮತ್ತೆ ಸಿಗುವುದಿಲ್ಲ. ಆದಕಾರಣ ತಡಮಾಡದೆ, ಹೂವಿಲ್ಲದ ಎಳೆಯ ತುದಿಗಳಿಂದ ಐದಾರು ಸೆಂಟಿಮೀಟರ್ ಉದ್ದದ ಕಟಿಂಗ್‌ಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬಿತ್ತನೆಗೆ ಬಳಸಿದ ಮಿಶ್ರಣದಲ್ಲೇ ಊರಿ, ಮುಚ್ಚಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಒಂದೆರಡನ್ನು ಬೇರೆಯವರ ಮನೆಯಲ್ಲೂ ಬೆಳೆಸಲು ಕೊಡಿ, ನಿಮ್ಮಲ್ಲಿ ಗಿಡ ಸತ್ತರೂ ತಳಿ ಉಳಿಯುತ್ತದೆ.

ಬೊಲಿವಿಯಾನಾದಂಥ ಧಾರಾಳವಾಗಿ ಹಣ್ಣು ಕಟ್ಟುವ ಜಾತಿಗಳನ್ನು ಬೆಳೆಸುವ ಬೆಟ್ಟದ ಊರಿನವರಿಗೆ ಒಂದು ವಿನಂತಿ. ಹವಾಯಿ ಮತ್ತು ರಿಯೂನಿಯನ್ ದ್ವೀಪಗಳಲ್ಲಿ ತೋಟದಿಂದ ತಪ್ಪಿಸಿಕೊಂಡ ಫ್ಯೂಷಿಯಾಗಳು ಕಾಡಿನೊಳಗೆ ಹಬ್ಬಿ ಅಲ್ಲಿಯ ಗಿಡಗಳಿಗೆ ಕಂಟಕವಾಗಿವೆ. ಪಶ್ಚಿಮ ಘಟ್ಟದ ಎತ್ತರದ ಕಣಿವೆಗಳಲ್ಲಿರುವ ನಮ್ಮ ಶೋಲಾ ಕಾಡುಗಳ ಹವೆಯೂ ಇದಕ್ಕೆ ಒಗ್ಗುವಂಥದ್ದೇ. ಕಾಡಿನ ಅಂಚಿನಲ್ಲಿ ಮನೆಯಿದ್ದರೆ ಗಿಡವನ್ನು ನೆಲಕ್ಕಿಳಿಸದೆ ಕುಂಡದಲ್ಲೇ ಇಡಿ, ಬೀಜಕ್ಕೆ ಬೇಡವಾದ ಹಣ್ಣುಗಳನ್ನು ಹಕ್ಕಿಗಳು ಒಯ್ಯುವ ಮೊದಲೇ ಕೊಯ್ದುಬಿಡಿ. ಹಣ್ಣು ತಿನ್ನಲು ಯೋಗ್ಯ. ಔಷಧಿ ಸಿಂಪಡಿಸದ ಗಿಡದ್ದಾದರೆ ಕಳಿತವನ್ನು ಹಾಗೆಯೇ ತಿನ್ನಬಹುದು, ಸಕ್ಕರೆ ಹಾಕಿ ಜ್ಯಾಮ್ ಮಾಡಲೂಬಹುದು.